ನೆರೆಮನೆಯ ಗಾಳಿಯ ಮೇಲೆ ನಮಗೇನು ಹಕ್ಕು?

ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಊಟಿಯ ಕಡೆಗೋ ಸುಲ್ತಾನ್ ಬತ್ತೇರಿಯ ಕಡೆಗೋ ಹೋಗುವ ಬಸ್ಸಿಗಾಗಿ ಕಾದು ನಿಂತವರಿಗೆ ಈ ದೃಶ್ಯ ಹೊಸದಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡ ತಾಯಿಯೊಬ್ಬಳು ಕಂಬದ ಪಕ್ಕ ನಿಂತಿರುತ್ತಾಳೆ. ಮಾರು ದೂರದಲ್ಲಿ ಒಬ್ಬರು ಬೀಡಿ ಹಚ್ಚುತ್ತಾರೆ. ಆಕೆ ಸೆರಗಿನಿಂದ ಮಗುವಿನ ಮುಖ ಮುಚ್ಚಿಕೊಂಡು ಆಚೆಗೆ ಸರಿಯುತ್ತಾಳೆ. ಏನೂ ಹೇಳುವುದಿಲ್ಲ. ಆಕೆ ಸರಿದದ್ದು ಸೇದುವವರ ಗಮನಕ್ಕೂ ಬರುವುದಿಲ್ಲ. ಅವರ ತಲೆಯ ಮೇಲೆ ಟೋಪಿಯೂ ಇದ್ದರೆ, ನೋಡಿದವರ ಮನಸ್ಸಿನಲ್ಲಿ ನಮ್ಮ ದೀನ್‌ನ ಬಗ್ಗೆ ಏನು ಉಳಿದೀತು? ಯೋಚಿಸಿ ನೋಡಿ.

ಬೀಡಿ ಸಿಗರೇಟು ಹರಾಮೋ ಮಕ್ರೂಹೋ ಎಂಬ ಚರ್ಚೆ ಹಳೆಯದು. ಅಕ್ಬರನ ಆಸ್ಥಾನದ ಅಸದ್ ಬೇಗ್ ಎಂಬವನು 17ನೇ ಶತಮಾನದ ಆರಂಭದಲ್ಲಿ ಹೊಗೆಸೊಪ್ಪನ್ನು ಕಂಡದ್ದು ನಮ್ಮ ಕರ್ನಾಟಕದ ಬಿಜಾಪುರದಲ್ಲೇ. ಅದನ್ನು ಅವನು ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದಾಗ ಅರಮನೆಯ ಹಕೀಮರು ಆಗಲೇ ಬೇಡವೆಂದಿದ್ದರು. 1617ರಲ್ಲಿ ಜಹಾಂಗೀರನು ಅದನ್ನು ನಿಷೇಧಿಸಿದನು. ಕರ್ಮಶಾಸ್ತ್ರದ ವಿದ್ವಾಂಸರಲ್ಲಿ ದಮಾಸ್ಕಸ್‌ನ ಅಬ್ದುಲ್ ಗನಿ ನಾಬುಲ್ಸಿಯಂಥವರು ಅದು ಅನುವದನೀಯವೆಂದರು. ಮಕ್ರೂಹ್ ಎಂದವರೂ ಹರಾಮ್ ಎಂದವರೂ ಇದ್ದರು. ಅದರ ಹಾನಿ ವೈದ್ಯಶಾಸ್ತ್ರದಿಂದ ಸ್ಪಷ್ಟವಾಗುತ್ತ ಬಂದಂತೆ ಹರಾಮ್ ಎನ್ನುವವರ ಸಂಖ್ಯೆ ಹೆಚ್ಚಿತು. ಆ ಚರ್ಚೆಯನ್ನು ಇಲ್ಲಿ ಮತ್ತೆ ಎತ್ತುವ ಉದ್ದೇಶವಿಲ್ಲ. ನನ್ನ ಪ್ರಶ್ನೆ ಬೇರೆ. ನಾನು ಬಿಟ್ಟ ಹೊಗೆ ಇನ್ನೊಬ್ಬನ ಎದೆಗೆ ಹೋಗುವುದಕ್ಕೆ ಯಾವ ವಿದ್ವಾಂಸರ ಅನುಮತಿಯಿದೆ? ಸ್ವತಃ ಹಾನಿಗೊಳಗಾಗುವುದೂ ಸಲ್ಲದು, ಇತರರಿಗೆ ಹಾನಿ ಮಾಡುವುದೂ ಸಲ್ಲದು ಎಂಬ ಪ್ರವಾದಿವರ್ಯರ(ಸ) ಆದೇಶ ಇಬ್ನು ಮಾಜಃದಲ್ಲಿದೆ. ಸೇದುವುದು ಮಕ್ರೂಹ್ ಮಾತ್ರ ಎನ್ನುವವರೂ ಈ ಹದೀಸ್‌ನ ಮುಂದೆ ಉತ್ತರ ಹೇಳಬೇಕಾಗುತ್ತದೆ.

ಈರುಳ್ಳಿ, ಬೆಳ್ಳುಳ್ಳಿ ಹಲಾಲ್ ವಸ್ತುಗಳು. ಆದರೂ ಅವನ್ನು ಹಸಿಯಾಗಿ ತಿಂದವರು ಮಸೀದಿಗೆ ಬರಬಾರದೆಂದು ಪ್ರವಾದಿವರ್ಯರು(ಸ) ತಡೆದರು. ಮನುಷ್ಯರಿಗೆ ಯಾವುದರಿಂದ ತೊಂದರೆಯಾಗುತ್ತದೋ ಅದರಿಂದ ಮಲಕ್‌ಗಳಿಗೂ ತೊಂದರೆಯಾಗುತ್ತದೆಂದು ಕಾರಣವನ್ನೂ ತಿಳಿಸಿದರು (ಮುಸ್ಲಿಮ್). ಅಂದರೆ ತಿಂದದ್ದು ತಪ್ಪಲ್ಲ, ಪಕ್ಕದಲ್ಲಿ ನಿಂತವನಿಗೆ ಕೊಟ್ಟ ಕಿರುಕುಳ ತಪ್ಪು. ಬರೀ ವಾಸನೆಗೇ ಇಷ್ಟು ಕಟ್ಟುನಿಟ್ಟಾದರೆ, ವಾಸನೆಯ ಜೊತೆ ರೋಗವನ್ನೂ ಕೊಡುವ ವಸ್ತುವಿನ ಬಗ್ಗೆ ಏನು ಹೇಳೋಣ? ಇಶಾ ನಮಾಝ್ ಮುಗಿಸಿ ಮಸೀದಿಯ ಗೇಟಿನಲ್ಲೇ ಬೆಂಕಿಪೊಟ್ಟಣ ತೆಗೆಯುವ ಸಹೋದರರು ಈ ಹದೀಸನ್ನೊಮ್ಮೆ ನೆನೆಯಲಿ.

ಬಸ್ ನಿಲ್ದಾಣದಲ್ಲಾದರೆ ಆ ತಾಯಿ ಸರಿದು ನಿಲ್ಲಬಲ್ಲಳು. ವಠಾರದಲ್ಲಿರುವವರು ಎಲ್ಲಿಗೆ ಸರಿಯಬೇಕು? ಚಾಮರಾಜನಗರದಂಥ ಪಟ್ಟಣದಲ್ಲಿ ಒಂದೇ ಅಂಗಳಕ್ಕೆ ಬಾಗಿಲಿರುವ ಐದಾರು ಬಾಡಿಗೆ ಮನೆಗಳು, ಎಲ್ಲರಿಗೂ ಒಂದೇ ನಲ್ಲಿ, ಮನೆಗೊಂದು ಕಿಟಕಿ. ಒಂದು ಮನೆಯ ಯಜಮಾನರು ಜಗಲಿಯಲ್ಲಿ ಕುಳಿತು ಸೇದಿದರೆ ಹೊಗೆ ಪಕ್ಕದ ಮನೆಯ ತೊಟ್ಟಿಲವರೆಗೂ ಹೋಗುತ್ತದೆ. "ನನ್ನ ಜಗಲಿ, ನನ್ನ ಬೀಡಿ, ನಿಮಗೇನು?" ಎಂದು ಕೇಳುವವರಿದ್ದಾರೆ. ಬುಖಾರಿಯಲ್ಲಿರುವ ಹಡಗಿನ ಉಪಮೆ ಇವರಿಗಾಗಿಯೇ ಹೇಳಿದಂತಿದೆ. ಚೀಟಿ ಹಾಕಿ ಕೆಲವರು ಮೇಲಿನ ಅಂತಸ್ತನ್ನೂ ಕೆಲವರು ಕೆಳಗಿನದನ್ನೂ ಪಡೆದರು. ನೀರಿಗಾಗಿ ಮತ್ತೆ ಮತ್ತೆ ಮೇಲೆ ಹೋಗಿ ತೊಂದರೆ ಕೊಡುವುದೇಕೆ, ನಮ್ಮ ಪಾಲಿನ ಜಾಗದಲ್ಲೇ ತೂತು ಕೊರೆಯೋಣ ಎಂದು ಕೆಳಗಿನವರು ಯೋಚಿಸಿದರು. ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ, ಜಾಗವೂ ಅವರದೇ. ಆದರೆ ಮೇಲಿನವರು ಕೈ ಹಿಡಿದು ತಡೆಯದಿದ್ದರೆ ಇಡೀ ಹಡಗು ಮುಳುಗುತ್ತದೆ. ವಠಾರವೂ ಒಂದು ಹಡಗೇ. ತನ್ನ ಕಿರುಕುಳದಿಂದ ನೆರೆಯವನು ನಿರ್ಭಯನಾಗಿಲ್ಲದವನಿಗೆ ವಿಶ್ವಾಸವೇ ಇಲ್ಲವೆಂದು ಪ್ರವಾದಿವರ್ಯರು(ಸ) ಅಲ್ಲಾಹನ ಆಣೆಯಿಟ್ಟು ಹೇಳಿದ್ದಾರೆ. ಆ ನೆರೆಯವನು ಮುಸ್ಲಿಮನೇ ಆಗಿರಬೇಕೆಂಬ ಷರತ್ತನ್ನು ಅಲ್ಲಿ ಹಾಕಿಲ್ಲ.

ಹಾನಿಯಾಗುತ್ತದೆಂಬುದು ಊಹೆಯ ಮಾತಲ್ಲ. 1981ರಲ್ಲಿ ಜಪಾನಿನ ಹಿರಾಯಾಮ ಎಂಬ ತಜ್ಞರು, ತಾವು ಎಂದೂ ಸೇದದಿದ್ದರೂ ಸೇದುವ ಗಂಡಂದಿರೊಡನೆ ಬಾಳಿದ ಹೆಂಗಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೆಂದು ತೋರಿಸಿಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ತಂಬಾಕು ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲುತ್ತದೆ. ಅವರಲ್ಲಿ 10 ಲಕ್ಷಕ್ಕೂ ಹೆಚ್ಚು ಮಂದಿ ಇತರರ ಹೊಗೆ ಕುಡಿದು ಸತ್ತವರು. 2016-17ರ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇಕಡಾ 38.7 ಮಂದಿಗೆ ಮನೆಯಲ್ಲೇ ಈ ಹೊಗೆ ತಗಲುತ್ತಿತ್ತು. ಎಳೆಯ ಮಕ್ಕಳಿಗೆ ಉಬ್ಬಸ, ಕಿವಿಯ ಸೋಂಕು ಇದರಿಂದ ಹೆಚ್ಚುತ್ತವೆ. ಕಿಟಕಿ ತೆರೆದಿಟ್ಟರೆ ಸಾಕೆಂಬುದು ಬರೀ ಸಮಾಧಾನದ ಮಾತು.

ಇನ್ನು ಕಾನೂನು. ಗುಂಡ್ಲುಪೇಟೆಯ ಪಕ್ಕದ ರಾಜ್ಯವಾದ ಕೇರಳದಲ್ಲಿ 1999ರಲ್ಲೇ ಹೈಕೋರ್ಟ್ ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ತಡೆಯಿತು. 2001ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅನ್ವಯಿಸುವಂತೆ ಆದೇಶಿಸಿತು. 2003ರ ಕೇಂದ್ರ ಕಾಯಿದೆ ಬಯಲು ಜಾಗಗಳನ್ನು ಹೊರಗಿಟ್ಟಿತ್ತು. 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳು ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳನ್ನು ಒಳಗೆ ತಂದವು. ಹೋಟೆಲು, ಕಚೇರಿಗಳ ಬಾಗಿಲಲ್ಲಿ ಫಲಕ ಹಾಕುವುದು ಕಡ್ಡಾಯ. ಹಾಕದಿದ್ದರೆ, ಒಳಗೆ ಸೇದಲು ಬಿಟ್ಟರೆ, ಮಾಲೀಕನೂ ಹೊಣೆ. ಮೊದಲು 200 ರೂಪಾಯಿ ಇದ್ದ ದಂಡ ಕರ್ನಾಟಕದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ 1000 ರೂಪಾಯಿಯವರೆಗೆ ಏರಿದೆ. 21 ವರ್ಷ ತುಂಬದವರಿಗೆ ಮಾರುವಂತಿಲ್ಲ. ಆದರೆ ಈ ಕಾನೂನು ಮನೆಯ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ವಠಾರದ ಜಗಲಿಗೆ ಪೊಲೀಸರು ಬರುವುದಿಲ್ಲ. ಅಲ್ಲಿ ನೋಡುವವನು ಅಲ್ಲಾಹನು ಮಾತ್ರ.

ದಾರಿಯ ಹಕ್ಕಿನ ಬಗ್ಗೆಯೂ ಒಂದು ಮಾತು. ದಾರಿಯಿಂದ ತೊಂದರೆಯ ವಸ್ತುವನ್ನು ತೆಗೆಯುವುದು ಈಮಾನಿನ ಒಂದು ಶಾಖೆ. ಗುಂಡ್ಲುಪೇಟೆಯಿಂದ ಹೊರಟ ಎರಡು ಹೆದ್ದಾರಿಗಳೂ ಬಂಡೀಪುರದ ಕಾಡನ್ನು ಹಾದು ಹೋಗುತ್ತವೆ. ಮಾಘ, ಫಾಲ್ಗುಣದಲ್ಲಿ ಅಲ್ಲಿಯ ಹುಲ್ಲು, ಲಂಟಾನ ಪೊದೆ ಒಣಗಿ ಸೌದೆಯಾಗಿರುತ್ತವೆ. 2019ರ ಫೆಬ್ರವರಿಯ ಬೆಂಕಿಯಲ್ಲಿ ಸಾವಿರಾರು ಎಕರೆ ಸುಟ್ಟುಹೋದದ್ದನ್ನು ಈ ಸೀಮೆಯವರು ಮರೆತಿಲ್ಲ. ಅಂಥ ಕಾಡಿನಲ್ಲಿ ಲಾರಿಯ ಕಿಟಕಿಯಿಂದ ಬೀಡಿಯ ತುಂಡನ್ನು ಎಸೆಯುವವನು ದಾರಿಗೆ ಏನನ್ನು ಹಾಕಿದ? ಮಾತು ಬಾರದ ಜೀವಿಗಳ ಲೆಕ್ಕವನ್ನೂ ಅಲ್ಲಾಹನು ಕೇಳುತ್ತಾನೆ.

ಹಾಗೆಂದು ಸೇದುವವರನ್ನು ನಾಲ್ಕು ಜನರ ಮುಂದೆ ಹೀಗಳೆಯುವುದು ಉಪದೇಶವಲ್ಲ. ಅವರಲ್ಲಿ ಹಲವರು ಹನ್ನೆರಡು ಹದಿಮೂರರ ವಯಸ್ಸಿನಲ್ಲಿ, ಗ್ಯಾರೇಜಿನಲ್ಲೋ ಮಂಡಿಯಲ್ಲೋ ಕೆಲಸಕ್ಕೆ ಸೇರಿದಾಗ ಕಲಿತವರು. ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ತಾಯಂದಿರು ಮೈಸೂರಿನಲ್ಲೂ ಕರಾವಳಿಯಲ್ಲೂ ನಮ್ಮವರೇ ಇದ್ದಾರೆ. ಅವರಿಗೆ ಬೇರೆ ದುಡಿಮೆ ತೋರಿಸದೆ ಭಾಷಣ ಮಾಡುವುದು ನಾಚಿಕೆಗೇಡು. ನೆರೆಮನೆಯವರಿಗೆ ಹೇಳುವುದಿದ್ದರೆ ಒಬ್ಬರೇ ಇರುವಾಗ ಹೇಳಿ: "ಅಣ್ಣಾ, ಮಗೂಗೆ ಉಬ್ಬಸ ಐತೆ, ಒಸಿ ಆ ಕಡೆ ಹೋಗಿ ಸೇದ್ತೀರಾ?" ಬಹುಪಾಲು ಜನ ಇಷ್ಟಕ್ಕೇ ಎದ್ದು ಹೋಗುತ್ತಾರೆ. ಮನೆ ಬಾಡಿಗೆಗೆ ಕೊಡುವ ಸಹೋದರರು ಅಂಗಳದಲ್ಲಿ, ಮೆಟ್ಟಿಲಲ್ಲಿ ಸೇದುವಂತಿಲ್ಲವೆಂದು ಕರಾರಿನಲ್ಲೇ ಬರೆದುಕೊಳ್ಳಬಹುದು. ಮಾಡಿದ ಕರಾರನ್ನು ಪಾಲಿಸಿರೆಂದು ಕುರ್‌ಆನ್ ಆದೇಶಿಸಿದೆ (5:1). ಮಸೀದಿಯ ಮುತವಲ್ಲಿಗಳು ಗೇಟಿನ ಪಕ್ಕ ಒಂದು ಫಲಕ ತೂಗಹಾಕಲಿ.

ಸ್ವತಃ ಸೇದುವ ಓದುಗರೇ, ರಮಝಾನ್‌ನಲ್ಲಿ ಸಹರಿಯಿಂದ ಇಫ್ತಾರ್‌ವರೆಗೆ ಹದಿಮೂರು ಹದಿನಾಲ್ಕು ತಾಸು ನೀವು ಬೀಡಿ ಮುಟ್ಟುವುದಿಲ್ಲ. ಮೂವತ್ತು ದಿನ ಹಗಲೆಲ್ಲ ತಡೆದ ಕೈ ಖರ್ಜೂರ ತಿಂದ ಐದೇ ನಿಮಿಷಕ್ಕೆ ಜೇಬಿಗೆ ಹೋಗುವುದೇಕೆ? ಬಿಟ್ಟ ಮೊದಲ ಮೂರು ದಿನ ಚಡಪಡಿಕೆ ಹೆಚ್ಚು, ಆಮೇಲೆ ಇಳಿಯುತ್ತ ಬರುತ್ತದೆ. 1800-11-2356 ಎಂಬ ಸರಕಾರದ ಉಚಿತ ದೂರವಾಣಿಯಲ್ಲಿ ಕನ್ನಡದಲ್ಲೇ ಸಲಹೆ ಸಿಗುತ್ತದೆ. ಇವತ್ತೇ ಬಿಡಲಾಗದಿದ್ದರೆ ಇಷ್ಟನ್ನಾದರೂ ಮಾಡಿ: ಮುಂದಿನ ಬೀಡಿ ಹಚ್ಚುವ ಮೊದಲು ಗಾಳಿ ಯಾವ ಕಡೆಗೆ ಬೀಸುತ್ತಿದೆ, ಆ ಕಡೆ ಯಾರಿದ್ದಾರೆ ಎಂದು ಒಮ್ಮೆ ತಿರುಗಿ ನೋಡಿ.