ಪೌಲನ ಹಡಗಿನ ಮಾತುಗಳು

ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯವನ್ನು ಓದುವಾಗ ಬಯಲುಸೀಮೆಯವರಾದ ನಾವು ಹಡಗಿನ ಮಾತುಗಳಲ್ಲಿ ತಡವರಿಸುತ್ತೇವೆ. ನಮ್ಮ ಹರಿಹರದ ತುಂಗಭದ್ರೆಗೆ ತಕ್ಕ ಹರಿಗೋಲಾದರೋ ದುಂಡಗಿನ ಬುಟ್ಟಿ. ಅದಕ್ಕೆ ಹಿಂದುಮುಂದಿಲ್ಲ, ಹುಟ್ಟೊಂದಿದ್ದರೆ ಸಾಕು. ಪೌಲನು ಏರಿದ್ದು 276 ಜನರೂ ಗೋದಿಯೂ ತುಂಬಿದ್ದ ಹಡಗು. ಅದನ್ನು ನಡಿಸುವದು ಗಾಳಿ ಹಿಡಿಯುವ ಬಟ್ಟೆ, ಅಂದರೆ ಹಾಯಿ, ತಿರುಗಿಸುವದು ಚುಕ್ಕಾಣಿ. ಆ ಕಾಲದಲ್ಲಿ ಹಿಂಭಾಗದ ಎರಡು ಮಗ್ಗುಲುಗಳಲ್ಲಿ ದೊಡ್ಡ ಹುಟ್ಟುಗಳಂಥ ಎರಡು ಚುಕ್ಕಾಣಿಗಳಿರುತ್ತಿದ್ದವು.

ನಾವಿಕರು ಭಾರ ಕಟ್ಟಿದ ಹಗ್ಗವನ್ನು ಇಳಿಬಿಟ್ಟು ಆಳ ನೋಡಿದಾಗ ಮೊದಲು 20 ಮಾರು, ಸ್ವಲ್ಪ ಮುಂದೆ 15 ಮಾರು ಕಂಡಿತು. ದಾವಣಗೆರೆಯ ವಿನೋಬನಗರದಲ್ಲಿ ಹೂವಾಡಗಿತ್ತಿಯು ಎರಡು ಕೈಗಳನ್ನೂ ಚಾಚಿ ಅಳೆದುಕೊಡುವ ಮಾರೇ ಅದು, ಸುಮಾರು 6 ಅಡಿ. (ಕೈ ಮಡಚಿ ಅಳೆಯುವವರ ಮಾತು ಬೇರೆ.) ಆಳ ಕಡಿಮೆಯಾದಷ್ಟೂ ಬಂಡೆಗಳ ಭಯ.

ಲಂಗರೆಂಬದು ಬರೀ ಭಾರವಲ್ಲ. ಅದರ ಕೊಕ್ಕೆಯು ನೆಲವನ್ನು ಕಚ್ಚಿ ಹಡಗನ್ನು ನಿಲ್ಲಿಸುವದು. ಸಾಧಾರಣವಾಗಿ ಮುಂಭಾಗದಿಂದ ಬಿಡುವ ಅದನ್ನು ಆ ರಾತ್ರಿ ಹಿಂಭಾಗದಿಂದ ನಾಲ್ಕು ಬಿಟ್ಟದ್ದೇಕೆ? ಹಿಂದಿನಿಂದ ಬೀಸುವ ಗಾಳಿಗೆ ಹಡಗು ಸುತ್ತಿ ತಿರುಗದೆ ದಡಕ್ಕೆ ಮುಖಮಾಡಿಯೇ ಇದ್ದರೆ, ಬೆಳಗಾದಾಗ ಹಗ್ಗ ಕಡಿದು ನೇರವಾಗಿ ದಡಕ್ಕೆ ನುಗ್ಗಿಸಬಹುದು.

ಆದರೆ ಹಾಗೆ ನುಗ್ಗಿಸಬಲ್ಲ ನಾವಿಕರೇ, ಮುಂಭಾಗದಿಂದಲೂ ಲಂಗರು ಬಿಡುವೆವೆಂಬ ನೆವದಿಂದ ಚಿಕ್ಕ ದೋಣಿಯನ್ನು ಇಳಿಸಿ ಓಡಿಹೋಗಲು ನೋಡಿದರು. ಅವರು ಹೋದರೆ ಬೆಳಿಗ್ಗೆ ಹಾಯಿ ಎತ್ತಿ ಚುಕ್ಕಾಣಿ ಹಿಡಿಯುವವರಾರು? ಪೌಲನು ಶತಾಧಿಪತಿಯನ್ನೂ ಸಿಪಾಯಿಗಳನ್ನೂ ಎಚ್ಚರಿಸಿದ್ದು ಇದಕ್ಕೇ. ಸಿಪಾಯಿಗಳು ದೋಣಿಯ ಹಗ್ಗವನ್ನು ಕತ್ತರಿಸಿಬಿಟ್ಟರು.