ರೂಟ್ ಆದರೂ ಬಗ್ಗದ ಫೈಲು

ಪ್ರಶ್ನೆ: ನನ್ನ ಆಂಡ್ರಾಯ್ಡ್ ಫೋನಿನ ಕನ್ನಡ ಅಕ್ಷರಗಳು ಕಣ್ಣಿಗೆ ಹಿತವಾಗುತ್ತಿಲ್ಲ. ಬೇರೆ ಫಾಂಟ್ ಹಾಕೋಣವೆಂದು ಫೋನನ್ನು ರೂಟ್ ಮಾಡಿದೆ. ಆದರೂ ಸಿಸ್ಟಮ್ ಒಳಗಿನ ಫಾಂಟ್ ಫೈಲನ್ನು ಬದಲಿಸಲು ಹೋದರೆ ‘ರೀಡ್ ಓನ್ಲಿ ಫೈಲ್ ಸಿಸ್ಟಮ್’ ಎಂದು ಬರುತ್ತದೆ. ರೂಟ್ ಇದ್ದ ಮೇಲೆ ಎಲ್ಲ ಅಧಿಕಾರವೂ ಇರಬೇಕಲ್ಲವೇ?

ಉತ್ತರ: ಹಿಂದೆ ಇತ್ತು. ಆಂಡ್ರಾಯ್ಡ್ ನಿಂತಿರುವುದು ಲಿನಕ್ಸ್ ಕರ್ನೆಲ್ ಎಂಬ ತಿರುಳಿನ ಮೇಲೆ, ಅಲ್ಲಿ ರೂಟ್ ಎಂದರೆ ಎಲ್ಲ ಅಧಿಕಾರವುಳ್ಳ ಬಳಕೆದಾರ. 2012ರಲ್ಲಿ ಆಂಡ್ರಾಯ್ಡ್ 4.1 ಬರುವವರೆಗೆ ಬಹುತೇಕ ಫೋನುಗಳಲ್ಲಿ ಕನ್ನಡದ ಫಾಂಟೇ ಇರಲಿಲ್ಲ, ಕನ್ನಡ ಇರಬೇಕಾದ ಕಡೆಯೆಲ್ಲ ಖಾಲಿ ಚೌಕಗಳು. ಓದಲೇಬೇಕೆಂಬ ಹಟವಿದ್ದವರು ರೂಟ್ ಮಾಡಿ, ಸಿಸ್ಟಮ್ ವಿಭಾಗವನ್ನು ಬರೆಯಲು ಬರುವಂತೆ ಮತ್ತೆ ಮೌಂಟ್ ಮಾಡಿ, ಡ್ರಾಯ್ಡ್ ಸ್ಯಾನ್ಸ್ ಫಾಲ್‌ಬ್ಯಾಕ್ ಎಂಬ ಫೈಲಿನ ಜಾಗಕ್ಕೆ ಕನ್ನಡವಿದ್ದ ಫಾಂಟ್ ಕೂರಿಸುತ್ತಿದ್ದರು. ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತಿದ್ದವು, ಆದರೂ ಕನ್ನಡವಂತೂ ಕಾಣುತ್ತಿತ್ತು. ಆ ಹಟಕ್ಕೆ ನನ್ನ ಮೆಚ್ಚುಗೆ ಈಗಲೂ ಇದೆ.

ಈಗ ಆ ದಾರಿ ಮುಚ್ಚಿದೆ. ಆಂಡ್ರಾಯ್ಡ್ 10ರ ಜೊತೆ ಬಂದ ಎಷ್ಟೋ ಫೋನುಗಳಲ್ಲಿ ಜಾಗ ಉಳಿಸಲು ಒಂದೇ ಥರದ ಮಾಹಿತಿಯನ್ನು ಹಲವು ಫೈಲುಗಳು ಹಂಚಿಕೊಂಡಿರುತ್ತವೆ. ಹಾಗೆ ಜೋಡಿಸಿದ ವಿಭಾಗವನ್ನು ಕರ್ನೆಲ್ ಬರೆಯಲು ತೆರೆಯುವುದೇ ಇಲ್ಲ. ಇನ್ನೂ ಹೊಸ ಫೋನುಗಳಲ್ಲಿರುವ ಇರೋಫ್ಸ್ ಎಂಬ ಫೈಲ್ ಸಿಸ್ಟಮ್ ಹುಟ್ಟಿದ್ದೇ ಓದುವುದಕ್ಕಾಗಿ. ನಿಮ್ಮ ರೂಟ್ ಅಧಿಕಾರ ಹಾಗೆಯೇ ಇದೆ, ಆದರೆ ಬರೆಯುವ ವ್ಯವಸ್ಥೆಯೇ ಆ ಫೈಲ್ ಸಿಸ್ಟಮ್‌ನಲ್ಲಿಲ್ಲ.

ಹೇಗೋ ಬರೆದಿರಿ ಎಂದಿಟ್ಟುಕೊಳ್ಳಿ. ಡಿಎಂ-ವೆರಿಟಿ ಎಂಬ ಕಾವಲು ಅದಕ್ಕೂ ಒಳಗಡೆ ಇದೆ. ಸಿಸ್ಟಮ್ ವಿಭಾಗವನ್ನು 4096 ಬೈಟಿನ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ಒಂದು ಹ್ಯಾಶ್, ಅಂದರೆ ಅದರೊಳಗಿನ ಮಾಹಿತಿಯಿಂದ ಬರುವ ಗುರುತಿನ ಸಂಖ್ಯೆ, ಲೆಕ್ಕಹಾಕುತ್ತಾರೆ. ಆ ಹ್ಯಾಶ್‌ಗಳನ್ನು ಗುಂಪು ಮಾಡಿ ಮತ್ತೆ ಹ್ಯಾಶ್, ಅವಕ್ಕೂ ಹ್ಯಾಶ್, ಹೀಗೆ ಮೇಲೇರಿ ತುದಿಯಲ್ಲಿ ಒಂದೇ ಉಳಿಯುತ್ತದೆ. ಅದು ತಯಾರಕರ ಸಹಿಯ ರಕ್ಷಣೆಯಲ್ಲಿರುತ್ತದೆ. ತುಂಡನ್ನು ಓದುವಾಗ ಕರ್ನೆಲ್ ಈ ಲೆಕ್ಕ ತಾಳೆ ನೋಡುತ್ತದೆ. ಒಂದು ಬಿಟ್ ಆಚೀಚೆಯಾದರೂ ಓದಲು ನಿರಾಕರಿಸುತ್ತದೆ, ಇಲ್ಲವೇ ಫೋನು ರೀಸ್ಟಾರ್ಟ್ ಆಗಿ ಸಾಧನ ಕೆಟ್ಟಿದೆ ಎಂದು ಎಚ್ಚರಿಸುತ್ತದೆ. 2016ರ ಆಂಡ್ರಾಯ್ಡ್ 7ರಿಂದ ಇದು ಬಹಳ ಬಿಗಿಯಾಯಿತು. ರೂಟ್ ಕದ್ದ ದುಷ್ಟ ತಂತ್ರಾಂಶ ಸಿಸ್ಟಮ್ ಒಳಗೆ ಖಾಯಂ ಬೀಡುಬಿಡಬಾರದು ಎಂಬುದು ಉದ್ದೇಶ, ಅದು ಸರಿಯಾದ ಉದ್ದೇಶವೇ.

ಹಾಗಾದರೆ ಫಾಂಟ್ ಬದಲಿಸುವುದು ಹೇಗೆ? ಮೂಲ ಫೈಲನ್ನು ಮುಟ್ಟಬೇಡಿ. ಮ್ಯಾಜಿಸ್ಕ್ ಬಳಸಿ ರೂಟ್ ಮಾಡಿದ್ದರೆ ಒಂದು ಮಾಡ್ಯೂಲ್ ಮಾಡಿ, ಅದರೊಳಗೆ ಸಿಸ್ಟಮ್, ಅದರೊಳಗೆ ಫಾಂಟ್ಸ್ ಎಂಬ ಫೋಲ್ಡರ್ ರಚಿಸಿ, ಮೂಲ ಫೈಲಿನ ಹೆಸರನ್ನೇ ಕೊಟ್ಟು ಹೊಸ ಫಾಂಟ್ ಇಡಿ. ಹೆಸರು ಸಾಮಾನ್ಯವಾಗಿ ನೋಟೋ ಸ್ಯಾನ್ಸ್ ಕನ್ನಡ ಎಂದು ಶುರುವಾಗುತ್ತದೆ, ಮುಂದಿನ ಬಾಲವನ್ನು ನಿಮ್ಮ ಫೋನಿನಲ್ಲೇ ನೋಡಿಕೊಳ್ಳಿ. ಫೋನ್ ಏಳುವಾಗ ಹಳೆಯ ಕ್ಯಾಲೆಂಡರಿನ ಮೇಲೆ ಹೊಸದನ್ನು ತೂಗುಹಾಕಿದಂತೆ ಮೂಲದ ಮೇಲೆ ನಿಮ್ಮ ಫೈಲು ಮೌಂಟ್ ಆಗುತ್ತದೆ. ಡಿಸ್ಕಿನಲ್ಲಿ ಒಂದು ಬೈಟೂ ಬದಲಾಗಿರುವುದಿಲ್ಲ. ಫೋನ್ ಅರ್ಧಕ್ಕೆ ನಿಂತರೆ ಸೇಫ್ ಮೋಡಿನಲ್ಲಿ ಎಬ್ಬಿಸಿ, ಮಾಡ್ಯೂಲುಗಳೆಲ್ಲ ನಿಷ್ಕ್ರಿಯವಾಗುತ್ತವೆ.

ಫಾಂಟ್ ಆಯ್ಕೆಯಲ್ಲೇ ಹೆಚ್ಚಿನವರು ಎಡವುವುದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿವೆ. ಅವನ್ನು ಇಟ್ಟರೆ ಫೋನಿಗೆ ಒಂದು ಕನ್ನಡ ಅಕ್ಷರವೂ ಸಿಗದೆ ಚೌಕಗಳೇ ಬರಬಹುದು. ಯುನಿಕೋಡ್ ಫಾಂಟೇ ಬೇಕು. ಅದರಲ್ಲಿ ಒತ್ತಕ್ಷರ ಜೋಡಿಸುವ ಕೋಷ್ಟಕವೂ ಇರಬೇಕು, ಇಲ್ಲದಿದ್ದರೆ ‘ಶಕ್ತಿ’ಯ ತಕಾರ ಒತ್ತಾಗದೆ ಕಕಾರದ ಪಕ್ಕದಲ್ಲಿ ಪೂರ್ತಿ ನಿಲ್ಲುತ್ತದೆ. ಲೋಹಿತ್, ನವಿಲು, ಗುಬ್ಬಿ ಮುಕ್ತವಾಗಿ ಸಿಗುತ್ತವೆ, ಪ್ರಯೋಗಿಸಿ ನೋಡಿ.

ಪುಸ್ತಕ ಓದುವುದಷ್ಟೇ ಉದ್ದೇಶವಾಗಿದ್ದರೆ ಇದೆಲ್ಲ ಬೇಡ. ಕೆಓರೀಡರ್‌ನಂಥ ಆ್ಯಪ್‌ನಲ್ಲಿ ರೂಟ್ ಇಲ್ಲದೆಯೇ ನಿಮ್ಮಿಷ್ಟದ ಫಾಂಟ್ ಹಾಕಬಹುದು. ರೂಟ್ ಆದ ಫೋನಿನಲ್ಲಿ ಬ್ಯಾಂಕ್ ಆ್ಯಪ್‌ಗಳು ಕೆಲಸ ಮಾಡಲು ಒಪ್ಪದಿರುವುದೂ ಉಂಟು. ಹಣದ ವ್ಯವಹಾರವೆಲ್ಲ ಇದೇ ಫೋನಿನಲ್ಲಿದ್ದರೆ ಮರಳಿ ಮೊದಲಿನ ಸ್ಥಿತಿಗೆ ತರುವುದೇ ಒಳ್ಳೆಯದು. ಅದಕ್ಕೂ ಮುನ್ನ ಫೋಟೋ, ಕಡತಗಳನ್ನು ಬೇರೆಡೆ ಉಳಿಸಿಕೊಳ್ಳಿ. ರೂಟ್ ಮಾಡಲು ತೆರೆದಿದ್ದ ಬೂಟ್‌ಲೋಡರಿಗೆ ಮತ್ತೆ ಬೀಗ ಹಾಕುವಾಗ ಎಲ್ಲವೂ ಅಳಿಸಿಹೋಗುತ್ತದೆ. ತಯಾರಕರ ಮೂಲ ತಂತ್ರಾಂಶವನ್ನು ಪೂರ್ತಿ ಹಾಕಿದ ಮೇಲಷ್ಟೇ ಆ ಬೀಗ ಹಾಕಿ. ರೂಟ್ ಮಾಡುವಾಗ ಬದಲಾದ ಬೂಟ್ ಇಮೇಜ್ ಒಳಗಿರುವಾಗಲೇ ಹಾಕಿದರೆ ಫೋನ್ ಮತ್ತೆ ಏಳದೆ ಹೋಗಬಹುದು.