‘ಸ್ವಲ್ಪ ಆರಿಸ್ತೀರಾ?’
ಸಂಜೆ, ಜೋರು ಮಳೆ. ಬಸ್‌ಸ್ಟಾಪಿನ ಸೂರಿನಡಿ ಹತ್ತಿಪ್ಪತ್ತು ಜನ ಒತ್ತಿಕೊಂಡು ನಿಂತಿದ್ದಾಗ ಒಬ್ಬರು ಬೀಡಿ ಹಚ್ಚಿದರು. ಪಕ್ಕದ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾವೆಲ್ಲ ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸಿದೆವು, ನಾನೂ ಸೇರಿ. ಕೊನೆಗೆ ಕಾಲೇಜು ಹುಡುಗಿಯೊಬ್ಬಳು, “ಅಂಕಲ್, ಅಜ್ಜಿಗೆ ಕೆಮ್ಮು ಬರ್ತಿದೆ, ಸ್ವಲ್ಪ ಆರಿಸ್ತೀರಾ?” ಅಂದಳು. ಆತ “ಅಯ್ಯೋ, ನೋಡ್ಲಿಲ್ಲಮ್ಮ” ಎಂದು ಬೀಡಿಯನ್ನು ಚಪ್ಪಲಿಯಡಿ ಹೊಸಕಿಬಿಟ್ಟರು. ಅಷ್ಟೇ.

ಹೇಳುವುದಾದರೆ ಹೀಗೆ ಹೇಳಿ. ಕ್ಯಾನ್ಸರ್, ಶ್ವಾಸಕೋಶ ಎಂದು ಉಪದೇಶಕ್ಕೆ ಇಳಿಯಬೇಡಿ. ಅದೆಲ್ಲ ಪ್ಯಾಕಿನ ಮೇಲೇ ಇದೆ, ಚಿತ್ರಸಮೇತ. ಕುಡಿದು ಬಂದವರಾದರೆ ಮಾತೇ ಬೇಡ, ನೀವೇ ಸರಿದು ನಿಲ್ಲಿ.

ಹೋಟೆಲಿನೊಳಗಾದರೆ ಸೇದುವವರ ಬಳಿ ಹೋಗಲೇಬೇಕಿಲ್ಲ. ಗಲ್ಲಾದಲ್ಲಿ ಕುಳಿತವರನ್ನು ಕೇಳಿ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧಿಸುವ 2008ರ ನಿಯಮಗಳ ಪ್ರಕಾರ ಯಾರೂ ಸೇದದಂತೆ ನೋಡಿಕೊಳ್ಳುವುದು ಹೋಟೆಲಿನವರ ಹೊಣೆ: ನಿಷೇಧದ ಫಲಕ ಹಾಕಬೇಕು, ದೂರು ಯಾರಿಗೆ ಕೊಡಬೇಕೆಂದು ಅದರಲ್ಲಿ ಹೆಸರಿರಬೇಕು, ಆಶ್‌ಟ್ರೇ, ಬೆಂಕಿಪೊಟ್ಟಣ ಇಡುವಂತಿಲ್ಲ. (ಫಲಕದ ಕೆಳಗೇ ಆಶ್‌ಟ್ರೇ ಇಟ್ಟ ಜಾಣರನ್ನೂ ಕಂಡಿದ್ದೇನೆ.) ಸೇದಿದವರಿಗೆ ಮೊದಲು 200 ರೂಪಾಯಿವರೆಗೆ ಇದ್ದ ದಂಡ ಕರ್ನಾಟಕದಲ್ಲಿ 2025ರಿಂದ 1,000 ರೂಪಾಯಿವರೆಗೆ ಏರಿದೆ. ಆದರೆ ರಸೀದಿ ಪುಸ್ತಕ ಹಿಡಿದವರು ಎಲ್ಲೆಡೆ ಇರುವುದಿಲ್ಲ. ಬಾಯಿ ನಮಗೆಲ್ಲ ಇದೆ.

ಸೇದುವವರಿಗೂ ಒಂದು ಮಾತು. ಹಚ್ಚುವ ಮೊದಲು ಗಾಳಿ ಎತ್ತ ಬೀಸುತ್ತಿದೆ, ಅತ್ತ ಮಗುವಿದೆಯೇ ನೋಡಿ. ದೂರ ಹೋಗಿ ಸೇದಿದರೂ ಸಿಗರೇಟಿನ ತುಂಡನ್ನು ಚರಂಡಿಗೆ ಎಸೆಯಬೇಡಿ. ಅದರ ಫಿಲ್ಟರ್ ಹತ್ತಿಯಂತೆ ಕಂಡರೂ ಹತ್ತಿಯಲ್ಲ, ಪ್ಲಾಸ್ಟಿಕ್ಕು.